ರಾಣಿ ಲಕ್ಷ್ಮಮ್ಮಣ್ಣಿ ಯುದ್ಧ ಮಾಡಿದ್ದು ಹೇಗೆ?

ಪ್ರಶ್ನೆ: ನಮ್ಮದು ಶ್ರೀರಂಗಪಟ್ಟಣ. ಮಗಳು ಎಂಟನೇ ತರಗತಿ. ಶಾಲೆಯಲ್ಲಿ ಯುದ್ಧದಲ್ಲಿ ಪಾಲ್ಗೊಂಡ ಹೆಣ್ಣುಮಕ್ಕಳ ಬಗ್ಗೆ ಛದ್ಮವೇಷ, ಜೊತೆಗೆ ಐದು ನಿಮಿಷದ ಭಾಷಣ ಇದೆ. ಓಬವ್ವ, ಚೆನ್ನಮ್ಮ, ಅಬ್ಬಕ್ಕ ಬೇರೆ ಮಕ್ಕಳ ಪಾಲಾಗಿದ್ದಾರೆ. ಇವಳ ಪಾಲಿಗೆ ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿ ಬಂದಿದ್ದಾರೆ. ಕತ್ತಿ, ಗುರಾಣಿ ಮಾಡಿಸಬೇಕಾ? ಅವರು ನಿಜವಾಗಿ ಯುದ್ಧ ಮಾಡಿದ್ದರಾ? ನಮ್ಮ ಮಾವನವರು ಬೇರೆ, ‘ಇಂಗ್ಲಿಷರನ್ನು ಕರೆಸಿದ ರಾಣಿ, ಅವರದ್ದೇನು ಹೇಳಿಸ್ತೀಯ’ ಅನ್ನುತ್ತಿದ್ದಾರೆ. ಏನು ಹೇಳಿಸಲಿ?

ಉತ್ತರ: ಕತ್ತಿ ಬೇಡ, ಗುರಾಣಿಯೂ ಬೇಡ. ಲಕ್ಷ್ಮಮ್ಮಣ್ಣಿ ರಣರಂಗಕ್ಕೆ ಇಳಿದವರಲ್ಲ. ಮಗಳ ಕೈಗೆ ಸುರುಳಿ ಸುತ್ತಿದ ಒಂದು ಕಾಗದ ಕೊಡಿ, ತುದಿಯಲ್ಲಿ ಕೆಂಪು ಮೊಹರು ಬಿಡಿಸಿ. ಅವರು 1766ರಲ್ಲೇ ಗಂಡನನ್ನು ಕಳೆದುಕೊಂಡವರು, ಹಾಗಾಗಿ ಮದುಮಗಳ ಹಾಗೆ ಒಡವೆ ಹೇರಬೇಡಿ. ಸಾದಾ ಸೀರೆ, ತಲೆ ಮೇಲೆ ಸೆರಗು ಸಾಕು.

ಹಾಗಂತ ಅವರು ಯುದ್ಧದಲ್ಲಿ ಪಾಲ್ಗೊಂಡಿಲ್ಲ ಅಂತಲ್ಲ. ಯುದ್ಧಕ್ಕೆ ಕತ್ತಿ ಎಷ್ಟು ಬೇಕೋ ಹಣ, ಮಿತ್ರರು, ಒಪ್ಪಂದ, ಸುದ್ದಿ ಕೂಡ ಅಷ್ಟೇ ಬೇಕು. ಈ ನಾಲ್ಕನ್ನೂ ಶ್ರೀರಂಗಪಟ್ಟಣದ ಕೋಟೆಯೊಳಗೆ ಕಾವಲಿನಲ್ಲಿ ಕೂತೇ ಹೊಂದಿಸಲು ನೋಡಿದವರು ಅವರು. ಒಂದಲ್ಲ ಎರಡಲ್ಲ, ಮೂರು ಬಾರಿ ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಯಾಕೆ ಬರಲಿಲ್ಲ ಅನ್ನುವುದನ್ನು ಹೇಳಿಸಿದರೆ ಭಾಷಣಕ್ಕೆ ತೂಕ ಬರುತ್ತದೆ.

ಮೊದಲು ಅವರ ಪರಿಸ್ಥಿತಿ ನೋಡಿ. ಕಟ್ಟಿ ಗೋಪಾಲರಾಜೇ ಅರಸರ ಮಗಳು, ಇಮ್ಮಡಿ ಕೃಷ್ಣರಾಜ ಒಡೆಯರ ರಾಣಿ. ಒಡೆಯರು 1734ರಿಂದ 1766ರವರೆಗೆ ಪಟ್ಟದಲ್ಲಿದ್ದರೂ ಅಧಿಕಾರ ಮೊದಲು ಕಳಲೆಯ ದಳವಾಯಿಗಳ ಕೈಯಲ್ಲಿತ್ತು, 1761ರ ನಂತರ ಹೈದರಾಲಿಯ ಕೈಗೆ ಹೋಯಿತು. ಅರಮನೆ ಇತ್ತು, ದಸರಾ ಇತ್ತು, ಆಳ್ವಿಕೆ ಮಾತ್ರ ಇರಲಿಲ್ಲ. ಒಡೆಯರು ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದ ನಂಜರಾಜ ಒಡೆಯರ್ 1770ರಲ್ಲಿ ಕೊಲೆಯಾದರು. ಆಮೇಲೆ ಬಂದ ಚಾಮರಾಜ ಒಡೆಯರು 1776ರಲ್ಲಿ ತೀರಿಕೊಂಡರು. ಆಗ ಹೈದರ್ ಅರಸು ಮನೆತನದ ಮಕ್ಕಳನ್ನೆಲ್ಲ ಒಂದು ಕಡೆ ಸೇರಿಸಿ, ಎದುರಿಗೆ ಆಟಿಕೆ, ಹಣ್ಣು, ಆಯುಧ ಇಡಿಸಿ, ಕಠಾರಿಗೆ ಕೈ ಹಾಕಿದ ಹುಡುಗನನ್ನು ಅರಸನೆಂದು ಆರಿಸಿದ ಅನ್ನುವ ಕತೆ ಪ್ರಸಿದ್ಧ. ಆ ಹುಡುಗನೇ ಖಾಸಾ ಚಾಮರಾಜ ಒಡೆಯರ್, ಲಕ್ಷ್ಮಮ್ಮಣ್ಣಿಯವರ ದತ್ತುಮಗ. ಮಕ್ಕಳು ಈ ಕತೆಯನ್ನು ಕಿವಿಗೊಟ್ಟು ಕೇಳುತ್ತಾರೆ, ಭಾಷಣದಲ್ಲಿ ಇರಲಿ.

ಇಲ್ಲಿ ಬಹಳ ಜನ ಎಡವುತ್ತಾರೆ. 1760ರಲ್ಲಿ ಹೈದರನ ಕೈಕೆಳಗಿದ್ದು ಅವನಿಗೇ ತಿರುಗಿಬಿದ್ದ ಖಂಡೇರಾಯನ ಜೊತೆ ಸೇರಿ ಹೈದರನನ್ನು ಪಟ್ಟಣದಿಂದ ಓಡಿಸಿದ ರಾಣಿಯೂ ಲಕ್ಷ್ಮಮ್ಮಣ್ಣಿಯೇ ಎಂದು ಬರೆದುಬಿಡುತ್ತಾರೆ. ಅದು ಹಿರಿಯ ರಾಜಮಾತೆ ದೇವಾಜಮ್ಮಣ್ಣಿಯವರ ಕಾಲದ ಪ್ರಯತ್ನ. ಹೈದರ್ ರಾತ್ರೋರಾತ್ರಿ ನದಿ ದಾಟಿ ಬೆಂಗಳೂರಿನ ಕಡೆ ಹೋದ, ಮರುವರ್ಷ ತಿರುಗಿ ಬಂದು ಖಂಡೇರಾಯನನ್ನು ಕಬ್ಬಿಣದ ಪಂಜರದಲ್ಲಿಟ್ಟ. ಅಂದರೆ ಒಳಗಿನವರನ್ನು ನಂಬಿ ಮಾಡಿದ ಸಂಚು ಹೇಗೆ ಮುಗಿಯುತ್ತದೆ ಅನ್ನುವುದು ಲಕ್ಷ್ಮಮ್ಮಣ್ಣಿಯವರಿಗೆ ಕಣ್ಣೆದುರಿಗೇ ಇತ್ತು. ಅವರು ಹೊರಗಿನ ಬಲ ಹುಡುಕಿದ್ದಕ್ಕೆ ಇದೊಂದು ಕಾರಣ ಎಂದು ಓದಿಕೊಳ್ಳಬಹುದು.

ಆ ಬಲ ಇದ್ದದ್ದು ಮದರಾಸಿನಲ್ಲಿ, ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಹತ್ತಿರ. ರಾಣಿಯ ಪರವಾಗಿ ಓಡಾಡಿದವರು ಪ್ರಧಾನ ತಿರುಮಲರಾಯ ಮತ್ತು ಅವರ ತಮ್ಮ ನಾರಾಯಣರಾಯ. ಕೆಲಸ ಗೆದ್ದರೆ ರಾಜ್ಯದ ಹುಟ್ಟುವಳಿಯಲ್ಲಿ ಹತ್ತರಲ್ಲಿ ಒಂದು ಪಾಲು, ವಂಶಪಾರಂಪರ್ಯವಾಗಿ ಪ್ರಧಾನಗಿರಿ ಎಂದು ಅವರಿಗೆ ಮಾತು ಕೊಟ್ಟಾಗಿತ್ತು. ಬರಿಗೈಯಲ್ಲಿ ಕೂತ ರಾಣಿಯ ಹತ್ತಿರ ಕೊಡಲು ಇದ್ದದ್ದು ಇಂಥ ಮಾತೇ. ಮೊದಲು ಹಿಡಿದದ್ದು ಮದರಾಸಿನ ಗವರ್ನರ್ ಲಾರ್ಡ್ ಪಿಗಟ್‌ನನ್ನು. ಮಾತುಕತೆ ಕುದುರುವ ಮೊದಲೇ, 1776ರ ಆಗಸ್ಟ್‌ನಲ್ಲಿ, ಪಿಗಟ್‌ನ ಕೌನ್ಸಿಲ್‌ನವರೇ ತಿರುಗಿಬಿದ್ದು ಅವನನ್ನು ಸೆರೆಗೆ ಹಾಕಿದರು. ಮರುವರ್ಷ ಅವನು ಸೆರೆಯಲ್ಲೇ ಸತ್ತ. ಮೊದಲ ಪ್ರಯತ್ನ ಹೀಗೆ ನೆಲಕಚ್ಚಿತು. ಹೈದರನಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಎರಡನೆಯದು ದೊಡ್ಡದು. ಎರಡನೇ ಮೈಸೂರು ಯುದ್ಧ ನಡೆಯುತ್ತಿದ್ದಾಗ, 1782ರ ಅಕ್ಟೋಬರ್ 27ರಂದು, ತಂಜಾವೂರಿನಲ್ಲಿ ತಿರುಮಲರಾಯರು ರಾಣಿಯ ಪರವಾಗಿ ಕಂಪನಿಯ ರೆಸಿಡೆಂಟ್, ಅಂದರೆ ಅಲ್ಲಿನ ಪ್ರತಿನಿಧಿ, ಜಾನ್ ಸಲಿವನ್ ಜೊತೆ ಒಪ್ಪಂದ ಮಾಡಿಕೊಂಡರು. ಹಣ ಒಮ್ಮೆಗೇ ಅಲ್ಲ, ಕಂತುಕಂತಾಗಿ. ಹೈದರನ ಸೈನ್ಯವನ್ನು ಕೊಯಮತ್ತೂರು ಸೀಮೆಯಿಂದ ಓಡಿಸಿದರೆ 3 ಲಕ್ಷ ಕಂಠೀರಾಯ ವರಹ. ಘಟ್ಟ ಹತ್ತಿ ಬಂದರೆ 1 ಲಕ್ಷ. ಮೈಸೂರು ಬಿದ್ದರೆ 1 ಲಕ್ಷ. ಶ್ರೀರಂಗಪಟ್ಟಣ ಬಿದ್ದರೆ 5 ಲಕ್ಷ. ಒಟ್ಟು 10 ಲಕ್ಷ. ಮೇಸ್ತ್ರಿಗೆ ಪಾಯ ಎದ್ದಾಗ ಇಷ್ಟು, ಆರ್‌ಸಿಸಿ ಬಿದ್ದಾಗ ಇಷ್ಟು ಎಂದು ಕೊಡುವ ಹಾಗೆ, ಕೆಲಸ ಮುಂದೆ ಹೋದಷ್ಟೇ ದುಡ್ಡು. ಇದರಲ್ಲಿ ಜಾಣತನ ಇದೆ: ಅರ್ಧದಾರಿಯಲ್ಲಿ ಕೈಬಿಟ್ಟರೆ ಕಂಪನಿಗೆ ದೊಡ್ಡ ಕಂತು ಸಿಗುವುದಿಲ್ಲ. ದೌರ್ಬಲ್ಯವೂ ಇದೆ: ರಾಣಿಯ ಹತ್ತಿರ ಆಗ ಒಂದು ಖಜಾನೆಯೂ ಇರಲಿಲ್ಲ. ಗೆದ್ದ ಸೀಮೆಯಿಂದಲೇ ಹಣ ಹುಟ್ಟಬೇಕು.

ಭಾಷಣದಲ್ಲಿ ‘10 ಲಕ್ಷ ರೂಪಾಯಿ’ ಎಂದು ಹೇಳಿಸಬೇಡಿ. ವರಹ ಬೇರೆ, ರೂಪಾಯಿ ಬೇರೆ. ಕಂಠೀರಾಯ ವರಹ ಎಂದರೆ ಹತ್ತು ಕಂಠೀರಾಯ ಹಣ, ಸುಮಾರು ಮೂರು ರೂಪಾಯಿಗೆ ಸ್ವಲ್ಪ ಕಡಿಮೆ ಬೆಲೆ. ಮದರಾಸಿನ ಸ್ಟಾರ್ ವರಹ ಮೂರೂವರೆ ರೂಪಾಯಿ. ಎರಡನ್ನೂ ಒಂದೇ ಎಂದು ಕೂಡಿಸಿದ ಲೆಕ್ಕಗಳು ಹಲವು ಕಡೆ ಅಚ್ಚಾಗಿವೆ.

ಒಪ್ಪಂದವಾಗಿ ನಲವತ್ತೊಂದು ದಿನಕ್ಕೆ, 1782ರ ಡಿಸೆಂಬರ್ 7ರಂದು, ಹೈದರ್ ಚಿತ್ತೂರಿನ ಹತ್ತಿರ ಬೀಡಿನಲ್ಲಿ ತೀರಿಕೊಂಡ. ಟಿಪ್ಪು ಮಲಬಾರಿನಲ್ಲಿದ್ದ. ರಾಣಿಯ ಪಾಲಿಗೆ ಇಂಥ ಹೊತ್ತು ಮತ್ತೆ ಬರುವಂತಿರಲಿಲ್ಲ. ಕಂಪನಿಯ ದಕ್ಷಿಣದ ಪಡೆ 1783ರ ಏಪ್ರಿಲ್‌ನಲ್ಲಿ ಕರೂರು, ಮೇನಲ್ಲಿ ದಿಂಡಿಗಲ್, ಜೂನ್‌ನಲ್ಲಿ ಧಾರಾಪುರಂ ಹಿಡಿಯಿತು. ನವೆಂಬರ್‌ನಲ್ಲಿ ಕರ್ನಲ್ ಫುಲ್ಲರ್ಟನ್ ಪಾಲಕ್ಕಾಡು ಹಿಡಿದು, ಆ ತಿಂಗಳ ಕೊನೆಯಲ್ಲಿ ಕೊಯಮತ್ತೂರಿಗೂ ನುಗ್ಗಿದ. ಒಪ್ಪಂದದ ಮೊದಲ ಮೆಟ್ಟಿಲು ಇದೇ. ಅಲ್ಲಿಂದ ಗಜಲಹಟ್ಟಿ ಘಟ್ಟ ಹತ್ತಿದರೆ ಮೈಸೂರು ಸೀಮೆ, ಮುಂದೆ ಪಟ್ಟಣ. ಫುಲ್ಲರ್ಟನ್‌ನೂ ಅದನ್ನೇ ಬಯಸಿದ್ದ. ಆದರೆ ಮದರಾಸು ಸರ್ಕಾರ ಅಷ್ಟರಲ್ಲಿ ಟಿಪ್ಪುವಿನ ಜೊತೆ ಸಂಧಿಗೆ ಜನ ಕಳಿಸಿತ್ತು. ‘ಹಿಂದಕ್ಕೆ ಬಾ’ ಎಂಬ ಅಪ್ಪಣೆ ಬಂತು. 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಗೆದ್ದದ್ದನ್ನೆಲ್ಲ ಪರಸ್ಪರ ಹಿಂತಿರುಗಿಸಿಕೊಂಡರು. ಅದರಲ್ಲಿ ರಾಣಿಯ ಹೆಸರೇ ಇಲ್ಲ.

ಯಾಕೆ ಹೀಗಾಯಿತು? ತಂಜಾವೂರಿನಲ್ಲಿ ಸಹಿ ಹಾಕಿದವನು ಒಬ್ಬ ರೆಸಿಡೆಂಟ್. ಮದರಾಸಿನಲ್ಲಿ ಗವರ್ನರ್ ಬೇರೆ, ಸೇನಾಪತಿ ಬೇರೆ, ಕಲ್ಕತ್ತೆಯಲ್ಲಿ ಗವರ್ನರ್ ಜನರಲ್ ಬೇರೆ. ಒಬ್ಬರ ಮಾತು ಇನ್ನೊಬ್ಬರಿಗೆ ಬೇಡ. ಜೊತೆಗೆ ಮದರಾಸಿನ ಬೊಕ್ಕಸ ಬರಿದಾಗಿತ್ತು. ರಾಣಿ ‘ಕಂಪನಿ’ಯನ್ನು ಒಂದೇ ಸರ್ಕಾರ ಎಂದು ನಂಬಿ ಮಾತಾಡಿದರು, ಎದುರಿಗೆ ಇದ್ದದ್ದು ಮೂರು ನಾಲ್ಕು. ಅವರ ಯುದ್ಧದಲ್ಲಿ ನನಗೆ ಕಾಣುವ ದೊಡ್ಡ ತಪ್ಪು ಲೆಕ್ಕ ಇದೊಂದೇ.

ಅದೇ 1783ರ ಜುಲೈನಲ್ಲಿ ಪಟ್ಟಣದ ಒಳಗೊಂದು ಸಂಚು ನಡೆಯಿತು. ಟಿಪ್ಪು ಮಂಗಳೂರಿಗೆ ಮುತ್ತಿಗೆ ಹಾಕಿ ಕೂತಿದ್ದ. ಸೈನ್ಯದ ಸಂಬಳ ಬಟವಾಡೆ ನೋಡಿಕೊಳ್ಳುತ್ತಿದ್ದ ನರಸಿಂಗರಾಯ ಮುಂತಾದವರು ಕಿಲ್ಲೇದಾರನನ್ನು, ಅಂದರೆ ಕೋಟೆಯ ಅಧಿಕಾರಿಯನ್ನು ಮುಗಿಸಿ, ಕೋಟೆ ಹಿಡಿದು, ಸೆರೆಯಲ್ಲಿದ್ದ ಇಂಗ್ಲಿಷರನ್ನು ಬಿಡಿಸಿ ಒಡೆಯರ ಆಳ್ವಿಕೆ ಸಾರಬೇಕೆಂದಿದ್ದರು. ಹಿಂದಿನ ರಾತ್ರಿ ಸುದ್ದಿ ಸೋರಿತು. ಸಿಕ್ಕವರಿಗೆ ಮರಣದಂಡನೆಯಾಯಿತು. ಮಂಗಳೂರಿನ ಬೀಡಿನಲ್ಲಿದ್ದ ಅಂಚೆ ಶಾಮಯ್ಯನನ್ನು ಸಂಕೋಲೆ ಹಾಕಿ ತಂದು ಪಂಜರದಲ್ಲಿಟ್ಟರು. ಅಂಚೆ ಎಂದರೆ ಆಗ ಬರೀ ಟಪಾಲಲ್ಲ, ಬೇಹಿನ ಇಲಾಖೆಯೂ ಅದೇ. ಆ ಇಲಾಖೆಯ ಮುಖ್ಯಸ್ಥನ ಮೇಲೇ ಅನುಮಾನ ಬಂತು ಅಂದರೆ ಕೋಟೆಯಿಂದ ಕಾಗದ ಹೊರಗೆ ಹೋಗುವುದು ಆಮೇಲೆ ಎಷ್ಟು ಕಷ್ಟವಾಗಿರಬೇಕು, ನೀವೇ ಊಹಿಸಿ.

ರಾಣಿಯನ್ನು ಮಾತ್ರ ಯಾಕೆ ಉಳಿಸಿದರು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಹೈದರ್ ಕೊನೆಯವರೆಗೂ ಒಡೆಯರ ಹೆಸರಿನಲ್ಲೇ ಆಳಿದ. ದಸರೆಯಲ್ಲಿ ಅರಸರನ್ನು ಜನರಿಗೆ ತೋರಿಸಲೇಬೇಕಿತ್ತು. ಅರಮನೆಯ ಹಿರಿಯ ಹೆಂಗಸನ್ನು ಕೊಂದರೆ ಆ ತೋರಿಕೆ ನಿಲ್ಲುವುದಿಲ್ಲ. ಕಾವಲು ಬಿಗಿ ಮಾಡುವುದು ಸುಲಭ. ಹೊರಗಿದ್ದ ತಿರುಮಲರಾಯರ ಬಂಧುಬಳಗಕ್ಕೆ ಅಂಥ ರಕ್ಷಣೆ ಇರಲಿಲ್ಲ. ಮೇಲುಕೋಟೆಯ ಮಂಡ್ಯಂ ಅಯ್ಯಂಗಾರ್ ಮನೆಗಳಲ್ಲಿ ನರಕ ಚತುರ್ದಶಿಯ ಹಬ್ಬ ಮಾಡುವುದಿಲ್ಲ. ಆ ದಿನ ತಮ್ಮವರನ್ನು ಟಿಪ್ಪು ಕೊಲ್ಲಿಸಿದ ಎನ್ನುವುದು ಆ ಮನೆತನಗಳು ತಲೆಮಾರುಗಳಿಂದ ಹೇಳಿಕೊಂಡು ಬಂದ ನೆನಪು. ವರ್ಷ, ಸಂಖ್ಯೆಗಳನ್ನು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಹಾಗಾಗಿ ಎಂಟನೇ ತರಗತಿಯ ಭಾಷಣದಲ್ಲಿ ಸಂಖ್ಯೆ ಬೇಡ. ಆಚರಣೆ ಇದೆ ಎನ್ನುವುದಷ್ಟೇ ಹೇಳಿಸಿ.

ಮೂರನೇ ಸಲದ್ದು ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ದಂಡೆತ್ತಿ ಬಂದ ಕಾಲ, ಮೂರನೇ ಮೈಸೂರು ಯುದ್ಧ. ಬೆಂಗಳೂರು 1791ರ ಮಾರ್ಚ್ 21ರಂದು ಬಿತ್ತು. ಮೇ 15ರಂದು ನಿಮ್ಮ ತಾಲ್ಲೂಕಿನ ಅರಕೆರೆಯ ಹತ್ತಿರ ಕದನವಾಯಿತು. ಗೆದ್ದರೂ ಅವನು ಹಿಂದೆ ಸರಿಯಬೇಕಾಯಿತು: ಮಳೆ ಹಿಡಿಯಿತು, ಎತ್ತುಗಳು ಸತ್ತವು, ದೊಡ್ಡ ಫಿರಂಗಿಗಳನ್ನು ಎಳೆಯಲಾಗದೆ ತಾವೇ ಒಡೆದುಹಾಕಿದರು. 1792ರ ಫೆಬ್ರುವರಿಯಲ್ಲಿ ಮತ್ತೆ ಬಂದು ಪಟ್ಟಣ ಮುತ್ತಿದಾಗ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕೊಟ್ಟು ಸಂಧಿ ಮಾಡಿಕೊಂಡ. ಕಾರ್ನ್‌ವಾಲಿಸ್‌ಗೆ ಟಿಪ್ಪುವನ್ನು ಕುಗ್ಗಿಸುವುದು ಬೇಕಿತ್ತೇ ಹೊರತು ಇಳಿಸುವುದು ಬೇಕಿರಲಿಲ್ಲ. ಇಂಗ್ಲಿಷ್ ಸೈನ್ಯ ಗೋಡೆಯ ಆಚೆ ನಿಂತು ಹಿಂತಿರುಗಿದ್ದು ರಾಣಿಗೆ ಎಲ್ಲಕ್ಕಿಂತ ಕಹಿಯಾಗಿರಬೇಕು.

1796ರಲ್ಲಿ ಖಾಸಾ ಚಾಮರಾಜ ಒಡೆಯರು ತೀರಿಕೊಂಡರು. ಈ ಸಲ ಟಿಪ್ಪು ಇನ್ನೊಬ್ಬ ಅರಸನನ್ನು ಕೂರಿಸಲಿಲ್ಲ. ಅರಮನೆ ಖಾಲಿ ಮಾಡಿಸಿ ಮನೆಯವರನ್ನು ಒಂದು ಸಣ್ಣ ಮನೆಗೆ ಸಾಗಿಸಿದರು. ಆ ಗುಂಪಿನಲ್ಲಿ 1794ರಲ್ಲಿ ಹುಟ್ಟಿದ ತಾಯಿಯಿಲ್ಲದ ಕೂಸೊಂದಿತ್ತು. ಮುಂದೆ ಮುಮ್ಮಡಿ ಕೃಷ್ಣರಾಜ ಒಡೆಯರಾದದ್ದು ಇದೇ ಮಗು. ಅಜ್ಜಿಯ ಸ್ಥಾನದಲ್ಲಿದ್ದವರು ಲಕ್ಷ್ಮಮ್ಮಣ್ಣಿ.

ನಾಲ್ಕನೇ ಯುದ್ಧದ ದಾರಿ ಮಂಡ್ಯದವರಿಗೆ ಪರಿಚಿತ. ಜನರಲ್ ಹ್ಯಾರಿಸ್ 1799ರ ಫೆಬ್ರುವರಿಯಲ್ಲಿ ವೆಲ್ಲೂರಿನಿಂದ ಹೊರಟ. ಮಾರ್ಚ್ 27ರಂದು ಮಳವಳ್ಳಿಯಲ್ಲಿ ಕದನ. ಮದ್ದೂರಿನ ನೇರ ದಾರಿಯಲ್ಲಿ ಮೇವು ಸುಟ್ಟು ಕಾದಿದ್ದ ಟಿಪ್ಪುವಿಗೆ ಗೊತ್ತಾಗದ ಹಾಗೆ ಹ್ಯಾರಿಸ್ ಸೋಸಲೆಯ ಹತ್ತಿರ ಕಾವೇರಿ ದಾಟಿ ಪಟ್ಟಣದ ಪಶ್ಚಿಮಕ್ಕೆ ಬಂದು ಬೀಡುಬಿಟ್ಟ. ಏಪ್ರಿಲ್ ನಡುವೆ ಉಗ್ರಾಣದ ಲೆಕ್ಕ ಹಾಕಿದರೆ ಸೈನಿಕರಿಗೆ ದಿನದ ಪಾಲಿನ ಅರ್ಧ ಮಾತ್ರ ಕೊಟ್ಟರೂ 18 ದಿನಕ್ಕಾಗುವಷ್ಟೇ ಅಕ್ಕಿ. ಆಚೆ ಮುಂಗಾರು. ಹೊಳೆ ಏರಿದರೆ ಮುತ್ತಿಗೆ ಮುಗಿದಂತೆಯೇ. 1791ರಲ್ಲಿ ಆದದ್ದು ಮತ್ತೆ ಆಗಲು ಎರಡು ಮೂರು ವಾರ ಸಾಕಿತ್ತು. ಮೇ 3ಕ್ಕೆ ವಾಯವ್ಯ ಮೂಲೆಯ ಗೋಡೆ ಬಿರಿಯಿತು. ಮೇ 4ರ ಮಧ್ಯಾಹ್ನ 1 ಗಂಟೆಗೆ, ಕಾವಲಿನವರು ಬಿಸಿಲಿಗೆ ಬಸವಳಿಯುವ ಹೊತ್ತು ನೋಡಿ, ಜನರಲ್ ಬೇರ್ಡ್‌ನ ನಾಲ್ಕು ಸಾವಿರಕ್ಕೂ ಹೆಚ್ಚು ಜನ ಬಂಡೆಗಳ ಮೇಲೆ ಹೊಳೆ ದಾಟಿ ನುಗ್ಗಿದರು. ಟಿಪ್ಪು ಕೋಟೆಯೊಳಗೇ ಹೋರಾಡಿ ಬಿದ್ದ. ಆ ದಿನವೂ ರಾಣಿ ಅದೇ ಕೋಟೆಯಲ್ಲಿದ್ದರು. ಅವರು ಇಷ್ಟು ವರ್ಷ ಬಯಸಿದ ಮುತ್ತಿಗೆಯ ಗುಂಡುಗಳೇ ಅವರಿದ್ದ ಊರಿನ ಮೇಲೆ ಬಿದ್ದವು.

ಗೆದ್ದ ಮೇಲೂ ಪಟ್ಟ ತಾನಾಗಿ ಬರಲಿಲ್ಲ. ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರು ಮೊದಲು ಸೂಚಿಸಿದ್ದು ಟಿಪ್ಪುವಿನ ಮಗ ಫತೇ ಹೈದರ್ ಹೆಸರನ್ನು. ಕೊನೆಗೆ ಒಡೆಯರ ಮನೆತನವೇ ಎಂದು ತೀರ್ಮಾನವಾದಾಗ ಜೂನ್ 24ರಂದು ಲಕ್ಷ್ಮಮ್ಮಣ್ಣಿ ಮತ್ತು ಅರಮನೆಯ ಇನ್ನೊಬ್ಬ ರಾಣಿ ದೇವಾಜಮ್ಮಣ್ಣಿ (1760ರ ರಾಜಮಾತೆಯಲ್ಲ, ಅದೇ ಹೆಸರಿನ ಬೇರೆಯವರು) ಮೈಸೂರಿನ ವ್ಯವಸ್ಥೆ ಮಾಡಲು ಕಂಪನಿ ನೇಮಿಸಿದ್ದ ಕಮಿಷನರುಗಳಿಗೆ ಪತ್ರ ಬರೆದರು. ನಮ್ಮ ಆಳ್ವಿಕೆ ನಿಂತು ನಲವತ್ತು ವರ್ಷವಾಯಿತು, ಮಗುವಿಗೆ ರಾಜ್ಯ ಕೊಟ್ಟಿದ್ದೀರಿ, ಪೂರ್ಣಯ್ಯನವರನ್ನು ದಿವಾನರನ್ನಾಗಿ ಮಾಡಿದ್ದೀರಿ, ಸೂರ್ಯಚಂದ್ರರಿರುವವರೆಗೆ ನಿಮಗೆ ತಪ್ಪಿ ನಡೆಯುವುದಿಲ್ಲ ಎಂಬುದು ಅದರ ಸಾರ. ಮಗಳ ಕೈಯ ಸುರುಳಿಯಲ್ಲಿ ಈ ಸಾರವನ್ನೇ ಬರೆಸಿ. ಜೂನ್ 30ರಂದು ಮೈಸೂರಿನಲ್ಲಿ ಚಪ್ಪರ ಹಾಕಿ ಐದು ವರ್ಷದ ಮಗುವಿಗೆ ಪಟ್ಟ ಕಟ್ಟಿದರು. ಚಪ್ಪರ ಯಾಕೆಂದರೆ ಮೈಸೂರು ಕೋಟೆಯನ್ನು ಟಿಪ್ಪು ಕೆಡವಿಸಿ, ಕಲ್ಲನ್ನು ನಜರಬಾದಿಗೆ ಸಾಗಿಸಿದ್ದ. ಒಂದು ಕೈಯನ್ನು ಹ್ಯಾರಿಸ್, ಇನ್ನೊಂದನ್ನು ನಿಜಾಮನ ಕಡೆಯ ಮೀರ್ ಆಲಂ ಹಿಡಿದು ಕೂರಿಸಿದರು. ಮಗುವಿನ ಎರಡು ಕೈಗಳನ್ನೂ ಹಿಡಿದವರು ಹೊರಗಿನವರು ಎನ್ನುವುದನ್ನು ಗಮನಿಸಿ.

ತಿರುಮಲರಾಯರಿಗೆ ಕೊಟ್ಟ ಮಾತು? ಪ್ರಧಾನಗಿರಿ ಸಿಗಲಿಲ್ಲ. ಆಡಳಿತ ಗೊತ್ತಿದ್ದ ಪೂರ್ಣಯ್ಯನವರೇ ಬೇಕೆಂದು ಕಂಪನಿ ಹಟ ಹಿಡಿಯಿತು, ರಾಣಿ ಒಪ್ಪಿಕೊಂಡರು. ಒಪ್ಪದೆ ಬೇರೆ ದಾರಿ ಇರಲಿಲ್ಲ, ಆದರೂ ಇದು ಅವರ ಬದುಕಿನ ಅಷ್ಟೇನೂ ಚೆಂದವಲ್ಲದ ಅಧ್ಯಾಯ.

ಈಗ ನಿಮ್ಮ ಮಾವನವರ ಮಾತಿಗೆ ಬರೋಣ. ಅದನ್ನು ತಳ್ಳಿಹಾಕಬೇಡಿ, ಲೆಕ್ಕ ಇಡಿ. ಹೊಸ ರಾಜ್ಯದ ಹುಟ್ಟುವಳಿ ಸುಮಾರು 13 ಲಕ್ಷ 74 ಸಾವಿರ ಕಂಠೀರಾಯ ವರಹ, ಅಂದರೆ 40 ಲಕ್ಷ ರೂಪಾಯಿಯ ಆಸುಪಾಸು. ಜುಲೈ 8ರ ಒಪ್ಪಂದದ ಪ್ರಕಾರ ಕಂಪನಿಗೆ ವರ್ಷಕ್ಕೆ ಕೊಡಬೇಕಾದದ್ದು 7 ಲಕ್ಷ ಸ್ಟಾರ್ ವರಹ, ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಅರ್ಧಕ್ಕಿಂತ ಹೆಚ್ಚು! ಮೊದಲ ಕಂತಿನ ಗುರಿಯಾಗಿದ್ದ ಕೊಯಮತ್ತೂರು, ಕೊನೆಯ ಕಂತಿನ ಶ್ರೀರಂಗಪಟ್ಟಣ ಎರಡನ್ನೂ ಕಂಪನಿಯೇ ಇಟ್ಟುಕೊಂಡಿತು. ಹಣಕ್ಕೆ ಅಪಾಯ ಕಂಡರೆ ಆಡಳಿತವನ್ನೇ ವಹಿಸಿಕೊಳ್ಳಬಹುದು ಎಂಬ ಷರತ್ತೂ ಆ ಒಪ್ಪಂದದಲ್ಲಿತ್ತು. 1831ರಲ್ಲಿ ಮುಮ್ಮಡಿಯವರ ಕೈಯಿಂದ ಅಧಿಕಾರ ತಪ್ಪಿದ್ದು ಅದರ ಬಲದಿಂದಲೇ. ಅಷ್ಟು ಹೊತ್ತಿಗೆ ಲಕ್ಷ್ಮಮ್ಮಣ್ಣಿ ತೀರಿಕೊಂಡು ಎರಡು ದಶಕ ಕಳೆದಿತ್ತು. ಅವರು ಹೋದದ್ದು 1810ರಲ್ಲಿ. ಇನ್ನೊಂದು ಕಡೆ, ಆ ಕಾಲದಲ್ಲಿ ಹೊರಗಿನವರ ನೆರವು ಕೇಳದವರು ಯಾರು? ಟಿಪ್ಪು ಫ್ರೆಂಚರನ್ನು ಕೇಳಿದ, ಮರಾಠರು ಮತ್ತು ನಿಜಾಮ ಕಂಪನಿಯ ಜೊತೆ ನಿಂತರು. ಕಳೆದುಕೊಂಡ ಮನೆಯನ್ನು ಮರಳಿ ಪಡೆಯಲು ಹೊರಟ ಹೆಂಗಸಿಗೆ ಮಾತ್ರ ದ್ರೋಹದ ಹಣೆಪಟ್ಟಿ ಹಚ್ಚುವುದು ನ್ಯಾಯವಲ್ಲ. ತೆತ್ತ ಬೆಲೆ ಸಣ್ಣದಾಗಿರಲಿಲ್ಲ ಎನ್ನುವುದನ್ನು ಮುಚ್ಚಿಡುವುದೂ ಸರಿಯಲ್ಲ.

ಐದು ನಿಮಿಷಕ್ಕೆ ಬರವಣಿಗೆಯಲ್ಲಿ ಸುಮಾರು 450 ಪದ ಸಾಕು, ಹೆಚ್ಚಾದರೆ ಮಕ್ಕಳು ಅವಸರದಲ್ಲಿ ಮಾತು ಓಡಿಸುತ್ತಾರೆ. ಕಠಾರಿಯ ಕತೆಗೆ ಒಂದು ನಿಮಿಷ, ಕಂತಿನ ಒಪ್ಪಂದ ಮತ್ತು ಅದು ಮುರಿದುಬಿದ್ದದ್ದಕ್ಕೆ ಎರಡು, 1799ಕ್ಕೆ ಒಂದೂವರೆ, ಉಳಿದದ್ದು ಪತ್ರ ಓದುವುದಕ್ಕೆ. ಇಸವಿಗಳಲ್ಲಿ 1766, 1782, 1799 ಮೂರೇ ಇರಲಿ.

ಭಾಷಣಕ್ಕೆ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಮಗಳನ್ನು ಊರೊಳಗೇ ಸುತ್ತಿಸಿ. ರಂಗನಾಥಸ್ವಾಮಿ ಗುಡಿಯ ಆಸುಪಾಸಿನಲ್ಲಿ ಹಳೆಯ ಅರಮನೆ ಇತ್ತು. ಮುಮ್ಮಡಿಯವರು ಹುಟ್ಟಿದ ಜಾಗದ ಮಂಟಪ ತೋರಿಸಿ. ಅಲ್ಲಿಂದ ಕೋಟೆಯ ಪಶ್ಚಿಮಕ್ಕೆ ನಡೆದರೆ ಗೋಡೆ ಬಿರಿದ ಜಾಗ, ಮುತ್ತಿಗೆಯಲ್ಲಿ ಸತ್ತವರ ನೆನಪಿಗೆ 1907ರಲ್ಲಿ ನಿಲ್ಲಿಸಿದ ಸ್ತಂಭ. ಅಲ್ಲಿ ನಿಂತು ಹೊಳೆ ನೋಡಿದರೆ ಮೇ ತಿಂಗಳ ನೀರಿನ ಮಟ್ಟಕ್ಕೆ ಎಷ್ಟು ಬೆಲೆ ಇತ್ತು ಅನ್ನುವುದು ಅವಳಿಗೆ ತಾನಾಗಿ ಹೊಳೆಯುತ್ತದೆ. ಈಗಿನ ನೀರು ಮಾತ್ರ ಕನ್ನಂಬಾಡಿ ಕಟ್ಟೆಯಿಂದ ಬಿಟ್ಟಷ್ಟು, 1799ರ ಮಟ್ಟವನ್ನು ಇದರಿಂದ ಅಳೆಯಬೇಡಿ. ಕಟ್ಟೆಯಿಂದ ನೀರು ಬಿಟ್ಟ ದಿನಗಳಲ್ಲಿ ಬಂಡೆಗಳ ಮೇಲೆ ಇಳಿಸಲೂಬೇಡಿ.